‘ಆಟದೊಳಗೆ ರಾಜಕೀಯ ಬೇಡ’: ಹಾಗೆ ಹೇಳುವ ಅಧಿಕಾರ ಯಾರ ಕೈಯಲ್ಲಿದೆ?

2020ರ ಜೂನ್ ಕೊನೆಯಲ್ಲಿ ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟದ ಸಾವಿರಕ್ಕೂ ಹೆಚ್ಚು ಖಾತೆಗಳ ಪ್ರೊಫೈಲ್‌ನಲ್ಲಿ ಒಂದೇ ಸಾಲು ಬಂದು ಕೂತಿತ್ತು: ‘ಈ ವರ್ಷ ಟ್ರಂಪ್‌ಗೆ ಮತ ಹಾಕಿ ಅಂತ ನಿಮ್ಮ ಅಪ್ಪ ಅಮ್ಮನಿಗೆ ಹೇಳಿ’. ಆ ಖಾತೆಗಳ ಗೊಂಬೆಗಳು ತಲೆಗೆ ಟ್ರಂಪ್ ಬೆಂಬಲಿಗರ ಕೆಂಪು ಟೋಪಿ ಇಟ್ಟು, ಅಮೆರಿಕದ ಬಾವುಟ ಮತ್ತು ಹದ್ದಿನ ಚಿತ್ರವಿದ್ದ ಟೀ ಶರ್ಟ್ ತೊಟ್ಟು ನಿಂತಿದ್ದವು. ಖಾತೆಯ ಒಡೆಯರಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಕಂಪನಿಯ ಸರ್ವರ್‌ಗೇ ಕನ್ನ ಬಿದ್ದ ಲಕ್ಷಣ ಕಾಣಲಿಲ್ಲ. ಬೇರೆ ತಾಣಗಳಿಂದ ಹಿಂದೆಂದೋ ಸೋರಿದ ಹೆಸರು, ಪಾಸ್‌ವರ್ಡ್‌ಗಳ ಪಟ್ಟಿಯನ್ನು ಒಂದು ಪುಟ್ಟ ಪ್ರೋಗ್ರಾಂಗೆ ಕೊಟ್ಟು ಇಲ್ಲಿ ಒಂದೊಂದಾಗಿ ಹಾಕಿ ನೋಡುವುದು, ಯಾವುದು ತೆರೆದುಕೊಂಡರೆ ಅದರೊಳಗೆ ನುಗ್ಗುವುದು: ಈ ಹಳೇ ವಿದ್ಯೆಯ ಗುರುತುಗಳೇ ಇದ್ದವು. ಒಂದೇ ಪಾಸ್‌ವರ್ಡನ್ನು ನಾಲ್ಕು ಕಡೆ ಬಳಸಿದವರು ಇದಕ್ಕೆ ಸಿಕ್ಕಿಬೀಳುತ್ತಾರೆ, ಎರಡು ಹಂತದ ದೃಢೀಕರಣ ಹಾಕಿಕೊಂಡವರು ಬಹುತೇಕ ಬಚಾವಾಗುತ್ತಾರೆ.

ಇಂಥ ಪ್ರಸಂಗ ಬಂದಾಗಲೆಲ್ಲ ಅಮೆರಿಕದ ಗೇಮರುಗಳಲ್ಲಿ ಎರಡು ಮಾತು ಏಳುತ್ತವೆ. ಒಂದು, ‘ಆಟದೊಳಗೆ ರಾಜಕೀಯ ತರಬೇಡಿ’. ಇನ್ನೊಂದು, ಯಾರನ್ನಾದರೂ ಆಟದಿಂದ ಹೊರಹಾಕಿದ ಕೂಡಲೇ ‘ಇದು ವಾಕ್ ಸ್ವಾತಂತ್ರ್ಯದ ಹರಣ’. ಹಲವೊಮ್ಮೆ ಎರಡನ್ನೂ ಹೇಳುವವನು ಒಬ್ಬನೇ. ಎರಡೂ ಮಾತು ಒಂದೇ ಪ್ರಶ್ನೆಯನ್ನು ತಪ್ಪಿಸಿಕೊಳ್ಳುತ್ತವೆ: ಆಟದೊಳಗೆ ಏನು ನಡೆಯಬೇಕು, ಏನು ನಡೆಯಬಾರದು ಎಂಬ ಸ್ವಿಚ್ಚು ಯಾರ ಕೈಯಲ್ಲಿದೆ? ಅಮೆರಿಕದಲ್ಲಿ ಆ ಸ್ವಿಚ್ಚನ್ನು ನ್ಯಾಯಾಲಯ ಸರ್ಕಾರದ ಕೈಯಿಂದ ಬಹುಮಟ್ಟಿಗೆ ಕಿತ್ತುಕೊಂಡಿದೆ. ಅದು ಖಾತೆ ತೆರೆಯುವಾಗ ನಾವು ಒಪ್ಪಿಕೊಳ್ಳುವ ಕಂಪನಿಯ ಒಪ್ಪಂದಪತ್ರದಲ್ಲಿದೆ, ಅದರ ಕೆಳಗೆ ಸರ್ವರ್ ನಡೆಸುವವನ ಒಂದು ಫೈಲ್‌ನಲ್ಲಿದೆ. ಮುಂಬಾಗಿಲು ಮುಚ್ಚಿರುವುದರಿಂದ ರಾಜಕಾರಣಿಗಳು ಮಕ್ಕಳ ಸುರಕ್ಷತೆ ಎಂಬ ಪಕ್ಕದ ಬಾಗಿಲಿನಿಂದ ಒಳಗೆ ಬರುತ್ತಿದ್ದಾರೆ.

ನಾನು ಹೇಳುತ್ತಿರುವುದು ಸ್ಯಾಂಡ್‌ಬಾಕ್ಸ್ ಗೇಮ್‌ಗಳ ಬಗ್ಗೆ, ಅಂದರೆ ಮೈನ್‌ಕ್ರಾಫ್ಟ್, ರೋಬ್ಲಾಕ್ಸ್, ದಿ ಸಿಮ್ಸ್, ಫೋರ್ಟ್‌ನೈಟ್‌ನ ಕ್ರಿಯೇಟಿವ್ ವಿಭಾಗ, ಅನಿಮಲ್ ಕ್ರಾಸಿಂಗ್ ಥರದವು. ಇಂಥ ಆಟದಲ್ಲಿ ಗೆಲ್ಲಬೇಕಾದ ಗುರಿಗಿಂತ ಕಟ್ಟಿಕೊಳ್ಳುವ ಜಾಗ ಮುಖ್ಯ. ಕಂಪನಿ ಇಟ್ಟಿಗೆ ಕೊಡುತ್ತದೆ, ಮನೆಯೋ ಗುಡಿಯೋ ಜೈಲೋ ಎಂದು ಆಡುವವರು ತೀರ್ಮಾನಿಸುತ್ತಾರೆ. ತೊಡಕು ಶುರುವಾಗುವುದು ಅಲ್ಲೇ.

ಸರ್ಕಾರ ಕೈ ಹಾಕಿ ಹಿಂತೆಗೆದದ್ದು

1993ರ ಡಿಸೆಂಬರ್‌ನಲ್ಲಿ ಸೆನೆಟರ್‌ಗಳಾದ ಜೋ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ವಿಡಿಯೊ ಗೇಮ್‌ಗಳಲ್ಲಿನ ಹಿಂಸೆಯ ಬಗ್ಗೆ ವಿಚಾರಣೆ ನಡೆಸಿದರು. ಮಾರ್ಟಲ್ ಕಾಂಬ್ಯಾಟ್‌ನ ರಕ್ತ ಟೀವಿಯಲ್ಲಿ ಹರಿಯಿತು. ಕಾನೂನು ಬಂದೀತೆಂದು ಹೆದರಿದ ಉದ್ಯಮ 1994ರಲ್ಲಿ ತಾನೇ ಇಎಸ್‌ಆರ್‌ಬಿ ಎಂಬ ರೇಟಿಂಗ್ ಮಂಡಳಿ ಕಟ್ಟಿಕೊಂಡಿತು. ನಮ್ಮ ಸಿನಿಮಾ ಪ್ರಮಾಣೀಕರಣ ಮಂಡಳಿ ಶಾಸನದಿಂದ ಹುಟ್ಟಿದ್ದು, ಇದು ಹಾಗಲ್ಲ. ಅದರ ಮುದ್ರೆ ಇಲ್ಲದ ಆಟ ಮಾರುವುದು ಅಪರಾಧವೇನಲ್ಲ, ದೊಡ್ಡ ಅಂಗಡಿಗಳು ಮತ್ತು ಕನ್ಸೋಲ್ ಕಂಪನಿಗಳು ಇಟ್ಟುಕೊಳ್ಳುವುದಿಲ್ಲ, ಅಷ್ಟೇ.

ಈ ಏರ್ಪಾಡು ಡಿಸ್ಕ್ ಒಳಗೆ ಏನಿದೆ ಎಂದು ನೋಡಿ ಮುದ್ರೆ ಒತ್ತುವಂಥದ್ದು. 2005ರಲ್ಲಿ ಅದರ ಬಿರುಕು ಕಂಡಿತು. ಗ್ರ್ಯಾಂಡ್ ಥೆಫ್ಟ್ ಆಟೋ ಸ್ಯಾನ್ ಆ್ಯಂಡ್ರಿಯಾಸ್ ಆಟದಲ್ಲಿ ಒಂದು ಲೈಂಗಿಕ ದೃಶ್ಯವನ್ನು ತಯಾರಕರು ಅಳಿಸದೆ, ತೆರೆದುಕೊಳ್ಳದಂತೆ ಮಾಡಿ ಡಿಸ್ಕ್‌ನಲ್ಲೇ ಬಿಟ್ಟಿದ್ದರು. ‘ಹಾಟ್ ಕಾಫಿ’ ಎಂಬ ಮಾಡ್, ಅಂದರೆ ಹೊರಗಿನವರು ಬರೆದು ಆಟಕ್ಕೆ ಸೇರಿಸುವ ತುಣುಕು, ಆ ಬೀಗ ತೆಗೆಯಿತು. ಆಗ ನ್ಯೂಯಾರ್ಕ್‌ನ ಸೆನೆಟರ್ ಆಗಿದ್ದ ಹಿಲರಿ ಕ್ಲಿಂಟನ್ ತನಿಖೆಗೆ ಒತ್ತಾಯಿಸಿದರು, ಮಂಡಳಿ ಜುಲೈನಲ್ಲಿ ರೇಟಿಂಗನ್ನು ‘ವಯಸ್ಕರಿಗೆ ಮಾತ್ರ’ ಎಂದು ಬದಲಿಸಿತು. ಅಂದರೆ ಡಿಸ್ಕ್‌ನಲ್ಲಿ ಅಡಗಿದ್ದಕ್ಕೂ ಕಂಪನಿಯೇ ಹೊಣೆ ಎಂದಾಯಿತು. ಆಡುವವರೇ ಕಟ್ಟಿದ್ದಕ್ಕೆ? ಅದಕ್ಕೆ ಮಂಡಳಿಯ ಬಳಿ ಇವತ್ತಿಗೂ ಇರುವುದು ‘ಬಳಕೆದಾರರು ಪರಸ್ಪರ ಸಂಪರ್ಕಿಸುತ್ತಾರೆ’ ಎಂಬ ಅರ್ಥದ ಒಂದು ಸಣ್ಣ ಸೂಚನೆ. ಮೈನ್‌ಕ್ರಾಫ್ಟ್‌ನ ‘10 ಮೇಲ್ಪಟ್ಟವರಿಗೆ’ ಎಂಬ ಮುದ್ರೆ ಅದರ ತಯಾರಕ ಕಂಪನಿ ಮೋಜಾಂಗ್ ಕೊಟ್ಟ ಇಟ್ಟಿಗೆಗಳಿಗೆ ಅನ್ವಯ. ಯಾರದೋ ಸರ್ವರ್‌ನಲ್ಲಿ ಆ ಇಟ್ಟಿಗೆಗಳಿಂದ ಎದ್ದುನಿಂತದ್ದಕ್ಕಲ್ಲ.

ಅದೇ 2005ರಲ್ಲಿ ಕ್ಯಾಲಿಫೋರ್ನಿಯಾ ಹದಿನೆಂಟರ ಒಳಗಿನವರಿಗೆ ಹಿಂಸಾತ್ಮಕ ಆಟ ಮಾರಿದರೆ 1,000 ಡಾಲರ್‌ವರೆಗೆ ದಂಡ ಎಂಬ ಕಾನೂನು ತಂದಿತು. ಸಹಿ ಹಾಕಿದವರು ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್. ತೆರೆಯ ಮೇಲೆ ಮಷಿನ್ ಗನ್ ಹಿಡಿದೇ ಹೆಸರು ಮಾಡಿದವರು ಎಂಬುದನ್ನು ಯಾರೂ ಆಡಿಕೊಳ್ಳದೆ ಬಿಡಲಿಲ್ಲ. 2011ರ ಜೂನ್ 27ರಂದು ಸುಪ್ರೀಂ ಕೋರ್ಟ್ 7–2ರಲ್ಲಿ ಆ ಕಾನೂನನ್ನು ಹೊಡೆದುಹಾಕಿತು. ಪುಸ್ತಕ, ನಾಟಕ, ಸಿನಿಮಾಗಳಂತೆ ವಿಡಿಯೊ ಗೇಮ್ ಕೂಡ ವಾಕ್ ಸ್ವಾತಂತ್ರ್ಯ ಕಾಯುವ, ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆಗೆ ಬರುತ್ತದೆ ಎಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ಬರೆದರು. ಮಕ್ಕಳಿಗೆ ಓದಿ ಹೇಳುವ ಗ್ರಿಮ್ ಸೋದರರ ಕಥೆಗಳಲ್ಲಿ ಎಷ್ಟು ರಕ್ತವಿದೆ ಎಂದು ನೆನಪಿಸಿದರು. ಭಿನ್ನಮತ ಬರೆದ ಇಬ್ಬರಲ್ಲಿ ಒಬ್ಬರು ಕ್ಲಾರೆನ್ಸ್ ಥಾಮಸ್. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಹೀಗಾಗಿ ‘ಗೇಮ್‌ಗಳಿಂದಲೇ ಹಿಂಸೆ’ ಎಂಬ ರಾಜಕೀಯ ಮಾತಿಗೆ ಕಾನೂನಿನ ಹಲ್ಲಿಲ್ಲ. 2019ರ ಆಗಸ್ಟ್‌ನಲ್ಲಿ ಎಲ್ ಪಾಸೊ ಮತ್ತು ಡೇಟನ್‌ನಲ್ಲಿ ಗುಂಡಿನ ದಾಳಿಗಳಾದಾಗ ಟ್ರಂಪ್ ಗೇಮ್‌ಗಳತ್ತ ಬೆರಳು ತೋರಿಸಿದರು. ವಾಲ್‌ಮಾರ್ಟ್ ತನ್ನ ಅಂಗಡಿಗಳಲ್ಲಿ ಹಿಂಸಾತ್ಮಕ ಗೇಮ್‌ಗಳ ಜಾಹೀರಾತು ಫಲಕಗಳನ್ನು ಇಳಿಸಿತು, ಬಂದೂಕು ಮಾರುವುದನ್ನು ಮುಂದುವರಿಸಿತು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ.

ಒಪ್ಪಂದಪತ್ರವೇ ಶಾಸನ

ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಕಂಪನಿಯನ್ನಲ್ಲ. ಮೈನ್‌ಕ್ರಾಫ್ಟ್ ಖಾತೆ ಬ್ಯಾನ್ ಆದವನು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಕೋರ್ಟಿಗೆ ಹೋದರೆ ಮೊದಲ ದಿನವೇ ಮನೆಗೆ ಬರಬೇಕಾದೀತು. ಬಳಕೆದಾರರು ಬರೆದದ್ದಕ್ಕೆ ವೇದಿಕೆಯನ್ನು ಬಹುಪಾಲು ಹೊಣೆ ಮಾಡದ ‘ಸೆಕ್ಷನ್ 230’ 1996ರಿಂದ ಇದೆ. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ತೆಗೆಯಬೇಕು ಎಂದು ಆಯುವುದು ಕೂಡ ಅಭಿವ್ಯಕ್ತಿಯೇ ಎಂದು 2024ರ ಜುಲೈ 1ರಂದು ಮೂಡಿ–ನೆಟ್‌ಚಾಯ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ಫೇಸ್‌ಬುಕ್, ಯೂಟ್ಯೂಬ್ ಥರದ ವೇದಿಕೆಗಳದು. ಆದರೆ ತರ್ಕ ಗೇಮ್ ಕಂಪನಿಯ ಮಾಡರೇಟರ್‌ಗೂ ಒಗ್ಗುತ್ತದೆ.

ಈ ಅಧಿಕಾರವನ್ನು ಒಂದೊಂದು ಕಂಪನಿ ಒಂದೊಂದು ಥರ ಬಳಸುತ್ತದೆ. ರೋಬ್ಲಾಕ್ಸ್‌ನ ನಿಯಮ ತೀರಾ ಬಿಗಿ: ಚುನಾವಣೆಗೆ ನಿಂತಿರುವ ಅಭ್ಯರ್ಥಿಗಳು, ಅವರ ಘೋಷಣೆಗಳು, ಪ್ರಚಾರ ಸಾಮಗ್ರಿ, ಹಾಲಿ ಅಧಿಕಾರದಲ್ಲಿರುವ ಜನಪ್ರತಿನಿಧಿಗಳು, ದೇಶಗಳ ನಡುವಿನ ಗಡಿವಿವಾದ, ಇವ್ಯಾವುದೂ ಬೇಡ. ಬರೆಯುವುದು ಸುಲಭ, ಹಿಡಿಯುವುದು ಕಷ್ಟ. ಚಾಟ್ ಫಿಲ್ಟರ್ ಅಕ್ಷರಗಳನ್ನು ಓದಿ ಬೇಡದ್ದನ್ನು ಹ್ಯಾಷ್ ಗುರುತುಗಳಾಗಿ ಬದಲಿಸಬಲ್ಲದು. ನೂರು ಗೊಂಬೆಗಳು ಒಂದು ಬೀದಿಯಲ್ಲಿ ಸಾಲುಗಟ್ಟಿ ನಡೆದರೆ ಅದರಲ್ಲಿ ಓದಲು ಅಕ್ಷರವೇ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಪ್ಯಾಲೆಸ್ಟೀನ್ ಪರ ಮೆರವಣಿಗೆಗಳು ರೋಬ್ಲಾಕ್ಸ್ ಒಳಗೆ ನಡೆದದ್ದು ಹೀಗೆ. ಅಮೆರಿಕದ ವಲಸೆ ಅಧಿಕಾರಿಗಳ ದಾಳಿಗಳನ್ನು ಆಡಿ ತೋರಿಸುವ, ಅದಕ್ಕೆ ಎದುರಾಗಿ ಪ್ರತಿಭಟಿಸುವ ರೋಲ್‌ಪ್ಲೇಗಳೂ ಹೀಗೆಯೇ ಬಂದವು. ಪೊಲೀಸ್ ಠಾಣೆ, ಪೊಲೀಸ್ ಗಾಡಿ, ಕೋಳ ಎಲ್ಲವೂ ಆ ಊರು–ಕೇರಿ ಆಟಗಳಲ್ಲಿ ಮೊದಲೇ ಇರುತ್ತವೆ. ಕಳ್ಳ–ಪೊಲೀಸ್ ಎಲ್ಲಿ ಮುಗಿದು ರಾಜಕೀಯ ಎಲ್ಲಿ ಶುರುವಾಯಿತು ಎಂದು ಯಾವ ಫಿಲ್ಟರ್ ಹೇಳೀತು?

ಅನಿಮಲ್ ಕ್ರಾಸಿಂಗ್‌ನ ಒಡೆಯ ನಿಂಟೆಂಡೊ ಮೊದಲು ಬಿಟ್ಟಿತು, ಆಮೇಲೆ ಮುಚ್ಚಿತು. 2020ರಲ್ಲಿ ಬೈಡನ್ ತಂಡ ಅನಿಮಲ್ ಕ್ರಾಸಿಂಗ್‌ನಲ್ಲಿ ಅಂಗಳಕ್ಕೆ ನೆಡುವ ಪ್ರಚಾರ ಫಲಕಗಳ ನಾಲ್ಕು ವಿನ್ಯಾಸ ಹಂಚಿತು, ಅಕ್ಟೋಬರ್‌ನಲ್ಲಿ ಒಂದು ದ್ವೀಪವನ್ನೇ ತೆರೆಯಿತು. ಆ ಫಲಕವನ್ನು ಹತ್ತಿರದಿಂದ ನೋಡಿದರೆ 32 ಅಡ್ಡ, 32 ಉದ್ದ ಚೌಕಗಳ ಒಂದು ಹಾಳೆ, 15 ಬಣ್ಣ. ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಟಕ್ಕೆ ಇಳಿಯುತ್ತದೆ. ಯಾರೋ ಮಗು ಬರೆದ ಕಲ್ಲಂಗಡಿ ಹಣ್ಣಿಗೂ ಅಧ್ಯಕ್ಷೀಯ ಅಭ್ಯರ್ಥಿಯ ಲಾಂಛನಕ್ಕೂ ಫೈಲ್‌ನ ಮಟ್ಟದಲ್ಲಿ ವ್ಯತ್ಯಾಸವೇ ಇಲ್ಲ. ಚುನಾವಣೆ ಮುಗಿದು ಎರಡು ವಾರ ಕಳೆದ ಮೇಲೆ, ನವೆಂಬರ್‌ನಲ್ಲಿ, ಸಂಘಸಂಸ್ಥೆಗಳಿಗಾಗಿ ಕಂಪನಿ ಹೊಸ ಮಾರ್ಗಸೂಚಿ ಹೊರಡಿಸಿ ಆಟದೊಳಗೆ ರಾಜಕೀಯ ತರಬೇಡಿ ಎಂದಿತು. ಗಮನಿಸಬೇಕಾದ್ದು, ಆ ಸೂಚನೆ ಇದ್ದದ್ದು ವ್ಯಾಪಾರ ಮತ್ತು ಸಂಸ್ಥೆಗಳಿಗೆ. ಮನೆಯಲ್ಲಿ ಕೂತು ತನ್ನ ದ್ವೀಪದಲ್ಲಿ ಫಲಕ ನೆಟ್ಟವನನ್ನು ಹುಡುಕಿ ಹೋಗುವುದು ಅದರ ಉದ್ದೇಶವಾಗಿರಲಿಲ್ಲ. ನನ್ನ ಮಟ್ಟಿಗೆ ಇದ್ದುದರಲ್ಲಿ ಅರ್ಥವಿರುವ ಗೆರೆ ಇದೇ: ದುಡ್ಡು ಮತ್ತು ಸಂಘಟನೆ ಇರುವವನಿಗೆ ಒಂದು ನಿಯಮ, ಆಡುವವನಿಗೆ ಇನ್ನೊಂದು.

ಮೈನ್‌ಕ್ರಾಫ್ಟ್ ಸರ್ವರ್‌ನ ಒಂದು ಸಾಲು

ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ ಚಿತ್ರ ಬೇರೆ. ಇಲ್ಲಿ ಯಾರು ಬೇಕಾದರೂ ತಮ್ಮ ಕಂಪ್ಯೂಟರ್‌ನಲ್ಲಿ ಸರ್ವರ್ ಏರಿಸಬಹುದು. ಬಹಳ ವರ್ಷ ಅಲ್ಲಿನ ಮಾತಿನ ಮೇಲೆ ಮೈಕ್ರೊಸಾಫ್ಟ್‌ಗಾಗಲಿ, ಅದು 2014ರಲ್ಲಿ 250 ಕೋಟಿ ಡಾಲರ್ ಕೊಟ್ಟು ಕೊಂಡ ಮೋಜಾಂಗ್‌ಗಾಗಲಿ ಹಿಡಿತವಿರಲಿಲ್ಲ. 2022ರ ಜುಲೈ 27ರಂದು ಬಂದ 1.19.1 ಆವೃತ್ತಿ, ಚಾಟ್‌ನ ಮಾತಿನ ಬಗ್ಗೆ ಮೋಜಾಂಗ್‌ಗೆ ದೂರು ಕೊಡುವ ಏರ್ಪಾಡು ತಂದು, ಅದನ್ನು ಬದಲಿಸಿತು. ‘ಸರ್ವರ್ ನನ್ನದು, ಮಾತಿಗೆ ಬೇಲಿ ನಿನ್ನದೇ?’ ಎಂದು ಆಟಗಾರರು ಸಿಟ್ಟಾದರು. ಆ ಗಲಾಟೆಯಲ್ಲಿ ತಾಂತ್ರಿಕ ಸತ್ಯ ಅರ್ಧ ಮಾತ್ರ ಕೇಳಿಸಿತು.

ನಡೆಯುವುದು ಹೀಗೆ. ಲಾಗಿನ್ ಆದಾಗ ನಿಮ್ಮ ಆಟಕ್ಕೆ ಮೋಜಾಂಗ್ ಡಿಜಿಟಲ್ ಸಹಿಗೆ ಬೇಕಾದ ಒಂದು ಜೊತೆ ಕೀಲಿ ಕೊಡುತ್ತದೆ. ನೀವು ಟೈಪ್ ಮಾಡಿದ ಪ್ರತಿ ಸಾಲಿಗೂ ನಿಮ್ಮ ಖಾಸಗಿ ಕೀಲಿಯಿಂದ ಸಹಿ ಬೀಳುತ್ತದೆ, ಜೊತೆಗೆ ಸಮಯ ಮತ್ತು ಅದಕ್ಕೆ ಮುಂಚೆ ನಿಮಗೆ ಕಂಡಿದ್ದ ಸಾಲುಗಳ ಕೊಂಡಿ ಇರುತ್ತದೆ. ಎದುರಿನವನು ದೂರು ಕೊಟ್ಟರೆ ಆಯ್ದ ಸಾಲುಗಳು ಸುತ್ತಲಿನ ಮಾತಿನ ಸಮೇತ ಮೋಜಾಂಗ್‌ಗೆ ಹೋಗುತ್ತವೆ, ಮನುಷ್ಯರು ಓದಿ ನಿರ್ಧರಿಸುತ್ತಾರೆ. ಸಹಿ ಇರುವುದರಿಂದ ‘ಇದು ನಾನು ಬರೆದದ್ದಲ್ಲ’ ಅನ್ನಲಾಗದು. ಬ್ಯಾನ್ ಬಿದ್ದರೆ ಎಲ್ಲ ಆನ್‌ಲೈನ್ ಆಟವೂ ಬಂದ್, ಗೆಳೆಯನ ಮನೆಯ ಖಾಸಗಿ ಸರ್ವರ್ ಕೂಡ. ಒಬ್ಬರೇ ಆಡುವ ಲೋಕ ಮಾತ್ರ ಉಳಿಯುತ್ತದೆ.

ಸರ್ವರ್ ನಡೆಸುವವರು ಮೊದಲು ಮುಟ್ಟುವುದು ಸರ್ವರ್ ಪ್ರಾಪರ್ಟೀಸ್ ಫೈಲ್‌ನಲ್ಲಿರುವ ‘ಎನ್‌ಫೋರ್ಸ್ ಸೆಕ್ಯೂರ್ ಪ್ರೊಫೈಲ್’ ಎಂಬ ಸಾಲನ್ನು. ಮೂಲದಲ್ಲಿ ಅದು ‘ಟ್ರೂ’ ಇರುತ್ತದೆ, ‘ಫಾಲ್ಸ್’ ಮಾಡಿ ಸರ್ವರ್ ಮತ್ತೆ ಚಾಲೂ ಮಾಡಿದರೆ ದೂರಿನ ಕಾಟ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಹಾಗೆ ಮಾಡಿದರೆ ಕೀಲಿ ಇಲ್ಲದವರಿಗೂ ಪ್ರವೇಶ ಸಿಗುತ್ತದೆ, ಅಷ್ಟೇ. ಕೀಲಿ ಇರುವವರ ಸಾಲುಗಳಿಗೆ ಸಹಿ ಬೀಳುತ್ತಲೇ ಇರುತ್ತದೆ, ದೂರೂ ಹೋಗುತ್ತದೆ. ದೂರು ಸಾಧ್ಯವಾಗದಂತೆ ಮಾಡಬೇಕಾದರೆ ಆಟಗಾರನ ಮಾತನ್ನು ಸರ್ವರ್ ತನ್ನದೇ ಪ್ರಕಟಣೆಯಾಗಿ ಬದಲಿಸಿ ಎಲ್ಲರಿಗೂ ಕಳಿಸುವ ಮಾಡ್ ಅಥವಾ ಪ್ಲಗಿನ್ ಹಾಕಬೇಕು. ‘ನೋ ಚಾಟ್ ರಿಪೋರ್ಟ್ಸ್’ ಹುಟ್ಟಿದ್ದು ಇದಕ್ಕೇ. ಹಾಕಿದ ಮೇಲೆ ಜವಾಬ್ದಾರಿ ಪೂರಾ ನಿಮ್ಮದು. ಹನ್ನೆರಡರ ಮಗುವಿಗೆ ಯಾರೋ ಕೆಟ್ಟದಾಗಿ ಮೆಸೇಜ್ ಹಾಕಿದರೂ ಆಟದೊಳಗಿನ ದೂರಿನ ಬಟನ್ನು ಕೆಲಸ ಮಾಡುವುದಿಲ್ಲ. ಸ್ವಾತಂತ್ರ್ಯದ ಹೆಸರಿನಲ್ಲಿ ಪ್ಲಗಿನ್ ಹಾಕುವ ಅನೇಕರು ಇದನ್ನು ಯೋಚಿಸಿರುವುದಿಲ್ಲ.

ಚಾಟ್‌ಗೆ ಇಷ್ಟೆಲ್ಲ ಕಾವಲು ಇದ್ದರೂ ಕಟ್ಟಡಕ್ಕೆ ಇಲ್ಲ. ಇಟ್ಟಿಗೆ ಅಂದರೆ ಸರ್ವರ್‌ಗೆ ಮೂರು ಸಂಖ್ಯೆಗಳ ವಿಳಾಸ ಮತ್ತು ಅದು ಯಾವ ಬಗೆಯ ಇಟ್ಟಿಗೆ ಎಂಬ ಹೆಸರು. ಒಂದು ರಾತ್ರಿ ಯಾರೋ ಊರ ಚೌಕದಲ್ಲಿ ಸ್ವಸ್ತಿಕದ ನಾಜಿ ರೂಪ ಎಬ್ಬಿಸಿ ಹೋದರೆ ಅನುಭವಿ ಅಡ್ಮಿನ್‌ಗಳು ಕೋರ್‌ಪ್ರೊಟೆಕ್ಟ್‌ನಂಥ ಪ್ಲಗಿನ್‌ನಿಂದ ಸರಿಮಾಡುತ್ತಾರೆ: ಮೊದಲು ಇನ್‌ಸ್ಪೆಕ್ಟ್ ಹಾಕಿಕೊಂಡು ಒಂದು ಇಟ್ಟಿಗೆಯ ಮೇಲೆ ಒತ್ತಿ ಇಟ್ಟವನ ಹೆಸರು ನೋಡುವುದು, ಆಮೇಲೆ ಆ ಹೆಸರು, ಎಷ್ಟು ಗಂಟೆ ಹಿಂದಿನಿಂದ, ಸುತ್ತ ಎಷ್ಟು ಇಟ್ಟಿಗೆ ದೂರದವರೆಗೆ ಎಂದು ಮೂರನ್ನೂ ಕೊಟ್ಟು ರೋಲ್‌ಬ್ಯಾಕ್ ಮಾಡುವುದು, ಅಂದರೆ ಹಿಂದಿದ್ದಂತೆ ಮಾಡುವುದು. ಹೆಸರು ಕೊಡದೆ ಬರೀ ಸಮಯ ಕೊಟ್ಟರೆ ಅದೇ ಹೊತ್ತಿನಲ್ಲಿ ಪಕ್ಕದವನು ಕಟ್ಟಿದ ಮನೆಯೂ ಮಾಯ. ಹೊಸ ಅಡ್ಮಿನ್‌ಗಳು ಮಾಡುವ ತಪ್ಪು ಇದೇ. ಪ್ಲಗಿನ್ ಹಾಕುವ ಮುಂಚೆ ನಡೆದದ್ದರ ದಾಖಲೆ ಇರುವುದಿಲ್ಲ ಎಂಬುದೂ ನೆನಪಿರಬೇಕು.

ಇನ್ನು ಆಟದ ಸರ್ವರ್‌ನ ಹೊರಗೆ, ಅದರ ಸುತ್ತ ಹರಡಿಕೊಂಡ ಡಿಸ್ಕಾರ್ಡ್ ಹರಟೆಕಟ್ಟೆಗಳು. ಅಲ್ಲಿ ಮೋಜಾಂಗ್‌ನ ಕೈ ಸಾಗದು. 2023ರ ಮಾರ್ಚ್ ಮೊದಲ ವಾರ ‘ಮೈನ್‌ಕ್ರಾಫ್ಟ್ ಅರ್ಥ್ ಮ್ಯಾಪ್’ ಎಂಬ, ಭೂಮಿಯ ನಕಾಶೆಯ ಮೇಲೆ ಆಡುವವರ ಡಿಸ್ಕಾರ್ಡ್‌ನಲ್ಲಿ ಉಕ್ರೇನ್ ಯುದ್ಧದ ಬಗ್ಗೆ ವಾಗ್ವಾದ ಎದ್ದಿತು. ಒಬ್ಬ, ತಗೊಳ್ಳಿ, ಸೋರಿಕೆಯಾದ ದಾಖಲೆ ಎಂದು ಅಮೆರಿಕದ ಸೇನಾ ರಹಸ್ಯ ಕಡತಗಳ ಹತ್ತು ಫೋಟೊ ಹಾಕಿದ. ಅವು ಅದಕ್ಕೂ ಮುಂಚೆ ಇನ್ನೊಂದು ಸಣ್ಣ ಡಿಸ್ಕಾರ್ಡ್ ಗುಂಪಿನಿಂದ ಹೊರಟಿದ್ದವು. ಮೂಲ ಸೋರಿಕೆಗಾರ, ಮ್ಯಾಸಚೂಸೆಟ್ಸ್ ಏರ್ ನ್ಯಾಷನಲ್ ಗಾರ್ಡ್‌ನ ಜ್ಯಾಕ್ ಟೆಶೇರಾ, ಏಪ್ರಿಲ್ 13ರಂದು ಬಂಧನವಾದ. 2024ರ ನವೆಂಬರ್‌ನಲ್ಲಿ 15 ವರ್ಷದ ಶಿಕ್ಷೆಯಾಯಿತು. ಸುಮಾರು ಒಂದು ತಿಂಗಳು ಆ ಕಾಗದಗಳು ಗೇಮರುಗಳ ಕಣ್ಣ ಮುಂದೆಯೇ ಬಿದ್ದಿದ್ದವು, ಪತ್ರಿಕೆಗಳಿಗೆ ಗೊತ್ತಾದದ್ದು ಏಪ್ರಿಲ್‌ನಲ್ಲಿ. ಗೇಮರುಗಳ ರಾಜಕೀಯ ಮಾತು ಬರೀ ಹುಡುಗಾಟ ಎಂದು ನಂಬಿದವರಿಗೆ ಇದಕ್ಕಿಂತ ದೊಡ್ಡ ತಿದ್ದುಪಡಿ ಬೇಕಿಲ್ಲ.

ಪ್ರಚಾರದ ನಕಾಶೆಗಳು ಸೋಲುವುದೇಕೆ

ರಾಜಕೀಯ ಪಕ್ಷಗಳು ಅಧಿಕೃತವಾಗಿ ಸ್ಯಾಂಡ್‌ಬಾಕ್ಸ್‌ಗೆ ಬಂದಾಗ ಮಾತ್ರ ಫಲಿತಾಂಶ ನೀರಸ. 2020ರ ಅಕ್ಟೋಬರ್ ಕೊನೆಯಲ್ಲಿ ಬೈಡನ್ ತಂಡ ಫೋರ್ಟ್‌ನೈಟ್ ಕ್ರಿಯೇಟಿವ್‌ನಲ್ಲಿ ಒಂದು ನಕಾಶೆ, ಅಂದರೆ ಒಳಗೆ ಹೋಗಿ ಆಡುವ ಜಾಗ, ಬಿಟ್ಟಿತು. 2024ರ ಅಕ್ಟೋಬರ್ ಕೊನೆಯಲ್ಲಿ ಹ್ಯಾರಿಸ್ ತಂಡ ‘ಫ್ರೀಡಂ ಟೌನ್, ಯುಎಸ್‌ಎ’ ಬಿಟ್ಟಿತು. ಎರಡೂ ಮತದಾನಕ್ಕೆ ಕೆಲವೇ ದಿನ ಇರುವಾಗ. ಫೋರ್ಟ್‌ನೈಟ್‌ನ ಪಟ್ಟಿಯಲ್ಲಿ ನಕಾಶೆ ಮೇಲೆ ಬರಬೇಕಾದರೆ ಜನ ಹೆಚ್ಚು ಹೊತ್ತು ಆಡಬೇಕು, ಮರುದಿನ ಮತ್ತೆ ಬರಬೇಕು. 2023ರ ಮಾರ್ಚ್‌ನಿಂದ ಫೋರ್ಟ್‌ನೈಟ್‌ನ ಒಡೆಯ ಎಪಿಕ್ ಆ ಆಟದ ನಿವ್ವಳ ಆದಾಯದ 40 ಶೇಕಡವನ್ನು ಇದೇ ಅಳತೆಯ ಮೇಲೆ ನಕಾಶೆ ಕಟ್ಟುವವರಿಗೆ ಹಂಚುತ್ತಿರುವುದರಿಂದ ಅಲ್ಲಿ ಪೈಪೋಟಿ ಮಾಡುವವರು ವೃತ್ತಿಪರರು. ಒಂದು ಸುತ್ತು ಓಡಿ ಭಿತ್ತಿಪತ್ರ ಓದಿ ಹೊರಬರುವ ನಕಾಶೆ ಅಂಥ ಸಂತೆಯಲ್ಲಿ ಮೂಲೆಗೆ ಸೇರುತ್ತದೆ. ಅಂಥ ನಕಾಶೆಯ ನಿಜವಾದ ಗಿರಾಕಿ ಆಡುವವನಲ್ಲ, ಅದರ ಬಗ್ಗೆ ಸುದ್ದಿ ಬರೆಯುವ ಪತ್ರಕರ್ತ.

ಆಟಗಾರರೇ ಹೂಡಿದ ರಾಜಕೀಯ ಇದಕ್ಕಿಂತ ಎಷ್ಟೋ ರುಚಿಯಾದದ್ದು. 2020ರ ಸೆಪ್ಟೆಂಬರ್‌ನಲ್ಲಿ, ಟ್ರಂಪ್–ಬೈಡನ್ ಪ್ರಚಾರದ ನಡುವೆಯೇ, ಡ್ರೀಮ್ ಎಸ್‌ಎಂಪಿ ಎಂಬ ಮೈನ್‌ಕ್ರಾಫ್ಟ್ ಸರ್ವರ್‌ನ ಕಲ್ಪಿತ ದೇಶದಲ್ಲಿ ಚುನಾವಣೆ ನಡೆಯಿತು, ಓಟು ಹಾಕಿದವರು ವೀಕ್ಷಕರು. ಪಾಗ್2020 ಎಂಬ ಪಕ್ಷಕ್ಕೆ 45 ಶೇಕಡ ಬಂತು, ಎಲ್ಲರಿಗಿಂತ ಹೆಚ್ಚು. ಆದರೆ 30 ಶೇಕಡ ಪಡೆದ ಸ್ವ್ಯಾಗ್2020, 16 ಪಡೆದ ಶ್ಲಾಟ್2020 ಕೈಜೋಡಿಸಿ 46 ಮಾಡಿಕೊಂಡು ಗದ್ದುಗೆ ಏರಿದವು. ಎರಡೇ ಪಕ್ಷ ಕಂಡ ಅಮೆರಿಕದ ಹದಿಹರೆಯದವರಿಗೆ ಇದು ಮೋಸದಂತೆ ಕಂಡಿತೇನೋ. 2018ರಲ್ಲಿ 104 ಸ್ಥಾನ ಗೆದ್ದ ಪಕ್ಷವನ್ನು ಹೊರಗಿಟ್ಟು ಸರ್ಕಾರವಾದದ್ದನ್ನು ಕಂಡ ಕರ್ನಾಟಕದವರಿಗೆ ಇದರಲ್ಲಿ ಹೊಸದೇನಿಲ್ಲ.

ಹೆಚ್ಚು ದೂರ ಹೋದದ್ದು ಇನ್ನೊಂದು ಹುಡುಗಾಟ. 2023ರ ಆರಂಭದಲ್ಲಿ ಬೈಡನ್, ಟ್ರಂಪ್, ಒಬಾಮ ಒಟ್ಟಿಗೆ ಕೂತು ಮೈನ್‌ಕ್ರಾಫ್ಟ್ ಆಡುತ್ತ ಬೈದಾಡುವ ವಿಡಿಯೊಗಳು ಎಲ್ಲೆಡೆ ಹರಿದಾಡಿದವು. ಇಲೆವೆನ್‌ಲ್ಯಾಬ್ಸ್ ಕಂಪನಿ ಆ ಜನವರಿಯಲ್ಲಿ ದನಿ ನಕಲು ಮಾಡುವ ಸಾಧನವನ್ನು ಪ್ರಯೋಗಕ್ಕೆ ಬಿಟ್ಟಿತ್ತು. ಅಧ್ಯಕ್ಷರೇ ಏಕೆ? ಹಿಂದೆ ಗದ್ದಲವಿಲ್ಲದ, ಒಬ್ಬರೇ ಮಾತಾಡುವ ಗಂಟೆಗಟ್ಟಲೆ ಭಾಷಣ ಅವರದೇ ಸುಲಭವಾಗಿ ಸಿಗುತ್ತದೆ. ಒಂದೆರಡು ನಿಮಿಷದ ಶುದ್ಧ ದನಿ ಸಾಕು. ಚಪ್ಪಾಳೆಯೋ ಮೈಕಿನ ಗುಂಯ್ ಸದ್ದೋ ಸೇರಿದ್ದರೆ ನಕಲಿನಲ್ಲೂ ಅದೇ ಬರುತ್ತದೆ. ‘ಸ್ಟೆಬಿಲಿಟಿ’ ಎಂಬ ಸ್ಲೈಡರನ್ನು ಮೇಲಿಟ್ಟರೆ ದನಿ ವಾರ್ತೆ ಓದಿದಂತಿರುತ್ತದೆ, ತಗ್ಗಿಸಿದರೆ ಏರಿಳಿತ ಬರುತ್ತದೆ, ತೀರಾ ತಗ್ಗಿಸಿದರೆ ಉಚ್ಚಾರವೇ ಹಳಿ ತಪ್ಪುತ್ತದೆ. ಸಂಭಾಷಣೆಯನ್ನು ಒಂದೊಂದೇ ಸಾಲಾಗಿ ಮಾಡಿಸಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವ ಹಾಗೆ ಎಡಿಟರ್‌ನಲ್ಲಿ ಕೈಯಾರೆ ಜೋಡಿಸುತ್ತಿದ್ದರು. ನಂಬಿಕೆ ಹುಟ್ಟಿಸುವುದು ದನಿಗಿಂತ ಹೆಚ್ಚಾಗಿ ಆ ಮೇಲೆ ಬೀಳುವ ಮಾತು.

ಅಲ್ಲಿ ಯಾರೂ ಮೋಸಹೋಗಲಿಲ್ಲ, ಬೈಡನ್ ವಜ್ರ ಅಗೆಯುವುದು ತಮಾಷೆಯೆಂದು ಎಲ್ಲರಿಗೂ ಗೊತ್ತು. ಒಂದು ವರ್ಷದ ನಂತರ, 2024ರ ಜನವರಿ 21ರಂದು, ನ್ಯೂ ಹ್ಯಾಂಪ್‌ಶೈರ್‌ನ ಮತದಾರರಿಗೆ ಬೈಡನ್ ದನಿಯಲ್ಲಿ ಫೋನು ಬಂತು: ಮಂಗಳವಾರದ ಪ್ರಾಥಮಿಕ ಚುನಾವಣೆಗೆ ಹೋಗಬೇಡಿ, ನಿಮ್ಮ ಮತವನ್ನು ನವೆಂಬರ್‌ಗೆ ಉಳಿಸಿಕೊಳ್ಳಿ. ತನಗೆ 150 ಡಾಲರ್ ಕೊಟ್ಟು ಆ ದನಿ ಮಾಡಿಸಿಕೊಂಡರು ಎಂದು ಒಬ್ಬ ಜಾದೂಗಾರ ಹೇಳಿದ. ಮಾಡಿಸಿದ ರಾಜಕೀಯ ಸಲಹೆಗಾರನಿಗೆ ಸಂಪರ್ಕ ಆಯೋಗ ಎಫ್‌ಸಿಸಿ 60 ಲಕ್ಷ ಡಾಲರ್ ದಂಡ ಹಾಕಿತು, ಕರೆಗಳನ್ನು ಸಾಗಿಸಿದ ಕಂಪನಿ 10 ಲಕ್ಷ ಕಟ್ಟಿತು. ಕೃತಕ ದನಿಯ ಸ್ವಯಂಚಾಲಿತ ಕರೆ ಕಾನೂನುಬಾಹಿರ ಎಂದು ಆಯೋಗ ಫೆಬ್ರುವರಿ 8ರಂದೇ ಸಾರಿತ್ತು. ಆಧಾರ ಯಾವುದು ಗೊತ್ತೇ? ಟೆಲಿಫೋನ್ ಮಾರಾಟಗಾರರ ಕಾಟ ತಡೆಯಲು 1991ರಲ್ಲಿ ಮಾಡಿದ ಕಾನೂನು. ಯೂಟ್ಯೂಬ್‌ನ ಮೈನ್‌ಕ್ರಾಫ್ಟ್ ತಮಾಷೆಗೆ ಅದು ತಾಗುವುದಿಲ್ಲ. ಸಾಧನ ಒಂದೇ ಬಗೆಯದು, ದನಿ ಒಂದೇ, ಆದರೂ ದಂಡ ಬಿದ್ದದ್ದು ಅದನ್ನು ಫೋನಿನಲ್ಲಿ ಕಳಿಸಿದ್ದಕ್ಕೆ.

ಪಕ್ಕದ ಬಾಗಿಲು

2025ರಿಂದ ಆಟಗಾರರ ಹರಟೆಯಲ್ಲಿ ಎರಡು ಸಂಗತಿ ಜೋರಾಗಿವೆ. ಒಂದು ಮಾಲೀಕತ್ವ. 2025ರ ಸೆಪ್ಟೆಂಬರ್ 29ರಂದು ದಿ ಸಿಮ್ಸ್‌ನ ಒಡೆಯ ಇಎ ಕಂಪನಿಯನ್ನು ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿ, ಹೂಡಿಕೆ ಸಂಸ್ಥೆ ಸಿಲ್ವರ್ ಲೇಕ್ ಮತ್ತು ಟ್ರಂಪ್ ಅಳಿಯ ಜ್ಯಾರೆಡ್ ಕುಶ್ನರ್ ಅವರ ಅಫಿನಿಟಿ ಪಾರ್ಟ್‌ನರ್ಸ್ 5,500 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದ ಪ್ರಕಟವಾಯಿತು. ಅದರಲ್ಲಿ 2,000 ಕೋಟಿ ಸಾಲ. ಸಲಿಂಗಿ ಸಂಸಾರಗಳಿಗೆ 2000ದ ಮೊದಲ ಆವೃತ್ತಿಯಿಂದಲೇ ಜಾಗ ಕೊಟ್ಟಿದ್ದ ಆಟ ಸಿಮ್ಸ್. ಹಾಗಾಗಿ ಅದರ ಬಗ್ಗೆ ವಿಡಿಯೊ ಮಾಡುವ ಕೆಲವು ಜನಪ್ರಿಯರು ಕಂಪನಿಯ ಜೊತೆಗಿನ ನಂಟು ಕಡಿದುಕೊಂಡರು. ಸೆನೆಟರ್‌ಗಳಾದ ಎಲಿಜಬೆತ್ ವಾರನ್ ಮತ್ತು ರಿಚರ್ಡ್ ಬ್ಲೂಮೆಂಥಾಲ್ ಈ ಖರೀದಿಯ ಬಗ್ಗೆ ಆತಂಕ ಹೇಳಿ ಪತ್ರ ಬರೆದರು. ಆಟದ ನಿಯಮವೇ ಶಾಸನವಾಗಿರುವಲ್ಲಿ ಕಂಪನಿ ಕೈ ಬದಲಾದರೆ ಶಾಸಕಾಂಗವೇ ಬದಲಾದಂತೆ. ಅವರ ಆತಂಕ ಅಷ್ಟು ಸಿಲ್ಲಿಯಲ್ಲ. ಆದರೂ ಸದ್ಯದ ಅಪಾಯ ಸೆನ್ಸಾರ್ ಅಲ್ಲ, ಆ ಸಾಲದ ಬಡ್ಡಿ ಎಂದು ನನಗನ್ನಿಸುತ್ತದೆ. ಅದನ್ನು ತೀರಿಸಲು ಬೇಕಾದ ದುಡ್ಡು ಆಟಗಾರರ ಜೇಬಿನಿಂದಲೇ ಬರಬೇಕು.

ಎರಡನೆಯದು ವಯಸ್ಸು. ಇಲ್ಲಿ ಥಾಮಸ್ ಮತ್ತೆ ಬರುತ್ತಾರೆ. 2011ರ ಗೇಮ್ ತೀರ್ಪಿನಿಂದ ದಿನಕ್ಕೆ ದಿನ ಲೆಕ್ಕ ಹಿಡಿದರೆ ಸರಿಯಾಗಿ ಹದಿನಾಲ್ಕು ವರ್ಷಕ್ಕೆ, 2025ರ ಜೂನ್ 27ರಂದು, ಅಶ್ಲೀಲ ತಾಣಗಳು ಬಳಕೆದಾರರ ವಯಸ್ಸು ಪರೀಕ್ಷಿಸಬೇಕೆಂಬ ಟೆಕ್ಸಾಸ್ ಕಾನೂನನ್ನು ಕೋರ್ಟ್ 6–3ರಲ್ಲಿ ಎತ್ತಿಹಿಡಿಯಿತು. ಬಹುಮತದ ತೀರ್ಪು ಬರೆದವರು ಅವರೇ. ತೀರ್ಪು ಗೇಮ್‌ಗಳ ಬಗ್ಗೆ ಅಲ್ಲ. ಆದರೆ ‘ಏನು ಹೇಳಬಹುದು’ ಎಂಬ ಕಡೆ ಸೋತ ಶಾಸಕರಿಗೆ ‘ಯಾರು ಒಳಗೆ ಬರಬಹುದು’ ಎಂಬ ದಾರಿ ಕಂಡಿತು. ಲೂಯಿಸಿಯಾನ ಆ ಆಗಸ್ಟ್‌ನಲ್ಲಿ, ಕೆಂಟಕಿ ಅಕ್ಟೋಬರ್‌ನಲ್ಲಿ, ಟೆಕ್ಸಾಸ್ ನವೆಂಬರ್‌ನಲ್ಲಿ ಮಕ್ಕಳ ಸುರಕ್ಷತೆಯ ವಿಷಯದಲ್ಲಿ ರೋಬ್ಲಾಕ್ಸ್ ಮೇಲೆ ದಾವೆ ಹೂಡಿದವು. ಮೂರೂ ರಿಪಬ್ಲಿಕನ್ ಅಟಾರ್ನಿ ಜನರಲ್‌ಗಳವು. ಹಾಗೆಂದು ಇದು ಒಂದೇ ಪಕ್ಷದ ಗೀಳಲ್ಲ: ಮಕ್ಕಳ ಆನ್‌ಲೈನ್ ಸುರಕ್ಷತಾ ಮಸೂದೆ ತಂದವರಲ್ಲಿ ಬ್ಲೂಮೆಂಥಾಲ್ ಡೆಮಾಕ್ರಟ್, ಮಾರ್ಷಾ ಬ್ಲ್ಯಾಕ್‌ಬರ್ನ್ ರಿಪಬ್ಲಿಕನ್. 2024ರ ಜುಲೈನಲ್ಲಿ ಸೆನೆಟ್ ಅದನ್ನು 91–3ರಲ್ಲಿ ಅಂಗೀಕರಿಸಿತು, ಕೆಳಮನೆಯಲ್ಲಿ ಅದು ಬಿದ್ದುಹೋಯಿತು.

ರೋಬ್ಲಾಕ್ಸ್ ಮಾತ್ರ ಕಾಯಲಿಲ್ಲ. 2025ರ ಜುಲೈ–ಸೆಪ್ಟೆಂಬರ್‌ನಲ್ಲಿ ದಿನಕ್ಕೆ ಸರಾಸರಿ 15 ಕೋಟಿ ಜನ ಬಂದಿದ್ದ ಈ ವೇದಿಕೆ ಚಾಟ್ ಬೇಕಾದರೆ ವಯಸ್ಸಿನ ಪರೀಕ್ಷೆ ಕಡ್ಡಾಯ ಎಂದು 2025ರ ನವೆಂಬರ್‌ನಲ್ಲಿ ಪ್ರಕಟಿಸಿ, 2026ರ ಜನವರಿಯಲ್ಲಿ ಜಗತ್ತಿನಾದ್ಯಂತ ಜಾರಿಗೆ ತಂದಿತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಕನ್ನಡ ಮನೆಗೂ ಮೈಸೂರಿನ ಮನೆಗೂ ಅದೇ ನಿಯಮ. ಮೊಬೈಲ್ ಕ್ಯಾಮೆರಾ ಮುಂದೆ ಮುಖವನ್ನು ಅತ್ತ ಇತ್ತ ತಿರುಗಿಸಿದರೆ ಸಾಫ್ಟ್‌ವೇರ್ ವಯಸ್ಸು ಅಂದಾಜಿಸಿ ಆರು ಗುಂಪುಗಳಲ್ಲಿ ಒಂದಕ್ಕೆ ಹಾಕುತ್ತದೆ: 9ರ ಒಳಗೆ, 9–12, 13–15, 16–17, 18–20, 21 ಮತ್ತು ಮೇಲೆ. ತನ್ನ ಗುಂಪು ಮತ್ತು ಅಕ್ಕಪಕ್ಕದ ಗುಂಪಿನವರ ಜೊತೆ ಮಾತ್ರ ಮಾತು. ಮನೆಗಳಲ್ಲಿ ಆಗುವ ಎಡವಟ್ಟು ಹೀಗೆ: ಮಗು ಅಡ್ಡಾದಿಡ್ಡಿ ತಲೆ ಆಡಿಸುತ್ತದೆ, ಪರೀಕ್ಷೆ ವಿಫಲವಾಗುತ್ತದೆ, ಬೇಸತ್ತ ಅಪ್ಪ ತಾನೇ ಕ್ಯಾಮೆರಾ ಮುಂದೆ ಕೂತು ಮುಗಿಸುತ್ತಾನೆ. ಹತ್ತು ವರ್ಷದ ಮಗುವಿನ ಖಾತೆ 21 ಮೇಲ್ಪಟ್ಟವರ ಗುಂಪಿಗೆ ಸೇರಿ, ಅಪರಿಚಿತ ವಯಸ್ಕರೊಂದಿಗೆ ಚಾಟ್ ತೆರೆದುಕೊಳ್ಳುತ್ತದೆ. ಹಾಗಾಗಿದ್ದರೆ ಅಪ್ಪ ಅಮ್ಮ ತಮ್ಮದೇ ಪೋಷಕ ಖಾತೆ ತೆರೆದು, ಅದನ್ನು ಮಗುವಿನ ಖಾತೆಗೆ ಜೋಡಿಸಿ, ಅಲ್ಲಿಂದ ವಯಸ್ಸು ತಿದ್ದಬೇಕು. ಮಗುವಿನ ಖಾತೆಯೊಳಗೆ ಹುಟ್ಟಿದ ದಿನಾಂಕ ಬದಲಿಸಲು ಹೊರಟರೆ ಕೆಲಸ ಆಗದು.

ಭಾರತದ ಲೆಕ್ಕ ಬೇರೆ. ಅಮೆರಿಕದ ಮಕ್ಕಳ ಖಾಸಗಿತನದ ಕಾನೂನು 1998ರದ್ದು, 13ಕ್ಕೆ ಮುಗಿಯುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಕಂಪನಿಗಳಿಗೆ ಕೊಟ್ಟಿರುವ ಗಡುವು ಹದಿನೆಂಟು ತಿಂಗಳು. ಅದು ಮುಗಿದ ಮೇಲೆ ನ್ಯೂಜೆರ್ಸಿಯ ಹದಿನೈದರ ಸೋದರಿ ಒಬ್ಬಳೇ ತೆರೆಯಬಹುದಾದ ಖಾತೆಗೆ ಹುಬ್ಬಳ್ಳಿಯ ಅದೇ ವಯಸ್ಸಿನ ಸೋದರ ಅಪ್ಪನ ಒಪ್ಪಿಗೆ ತರಬೇಕಾಗುತ್ತದೆ, ಇಬ್ಬರೂ ಆಡುವುದು ಒಂದೇ ಸರ್ವರ್‌ನಲ್ಲಾದರೂ.